ಬಾರಾ ದ್ವೀಪದ ಮಕ್ಕಳ ಹಬ್ಬ ಮತ್ತು ನಮ್ಮ ರಜೆಯ ದಿನಗಳು

ನಮ್ಮ ಸಮುದಾಯದ ಯಾವ ಕಾರ್ಯಕ್ರಮಕ್ಕೆ ಹೋದರೂ ಮಕ್ಕಳು ಎಲ್ಲಿದ್ದಾರೆ ಎಂದು ಒಮ್ಮೆ ಹುಡುಕಿ ನೋಡಿ. ವೇದಿಕೆಯ ಮೇಲೆ ಹತ್ತು ಹನ್ನೆರಡು ಕುರ್ಚಿ, ಶಾಲು, ಹಾರ, ಸ್ಮರಣಿಕೆ. ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾವು ದೊಡ್ಡವರು. ಮಕ್ಕಳು ಹಾಲ್‌ನ ಹೊರಗೆ ಐಸ್‌ಕ್ರೀಮ್ ಗಾಡಿಯ ಹತ್ತಿರವೋ, ಕಾರು ನಿಲ್ಲಿಸುವ ಜಾಗದಲ್ಲೋ ಮೊಬೈಲ್ ಹಿಡಿದುಕೊಂಡು ಇರುತ್ತಾರೆ. ಒಳಗೆ ಬ್ಯಾರಿ ಬಾಸೆಯ ನಾಳೆಯ ಬಗ್ಗೆ ಭಾಷಣ ನಡೆಯುತ್ತಿದ್ದರೆ, ಹೊರಗೆ ಆ ಮಕ್ಕಳು ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಜಗಳ ಮಾಡುತ್ತಿರುತ್ತಾರೆ. ಊಟದ ಹೊತ್ತಿಗೆ ಎಲ್ಲರೂ ಒಟ್ಟಾಗುತ್ತೇವೆ. ಬಿರಿಯಾನಿ ಚೆನ್ನಾಗಿತ್ತು ಎಂದು ಹೇಳಿ ಮನೆಗೆ ಬರುತ್ತೇವೆ.

ಇದನ್ನು ಯಾರನ್ನೂ ದೂರುವುದಕ್ಕೆ ಹೇಳುತ್ತಿಲ್ಲ. ಕಳೆದ ಜುಲೈಯಲ್ಲಿ ನಾವು ಗಂಡ ಹೆಂಡತಿ, ಗ್ಲಾಸ್ಗೋ ನಗರದಲ್ಲಿ ಕೆಲಸದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಅವನ ಜೊತೆ ಕೆಲಸ ಮಾಡುವ ಒಬ್ಬರ ಊರು ಬಾರಾ ಎಂಬ ಸಣ್ಣ ದ್ವೀಪ. ಪ್ರತೀ ವರ್ಷ ರಜೆಗೆ ಅವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗುತ್ತಾರಂತೆ. ‘ಊರಲ್ಲಿ ಮಕ್ಕಳ ಹಬ್ಬ ಉಂಟು, ನೀವೂ ಬನ್ನಿ’ ಎಂದು ಕರೆದರು. ಹೋದೆವು, ಮೂರು ದಿನ ಇದ್ದೆವು. ಅಲ್ಲಿ ನೋಡಿದ್ದನ್ನು ನಮ್ಮ ಜನರ ಮುಂದೆ ಇಡದೆ ಇದ್ದರೆ ಸರಿಯಾಗುವುದಿಲ್ಲ ಅನ್ನಿಸಿತು.

ಬಾರಾ ಇರುವುದು ಸ್ಕಾಟ್‌ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಮುದ್ರದಲ್ಲಿ. ಹೊರ ಹೆಬ್ರಿಡೀಸ್ ಎಂಬ ದ್ವೀಪಗಳ ಸಾಲಿನ ದಕ್ಷಿಣದ ತುದಿಯಲ್ಲಿ. ಗ್ಲಾಸ್ಗೋದಿಂದ ಓಬನ್ ಎಂಬ ಬಂದರು ಪೇಟೆಗೆ ಮೂರು ಗಂಟೆಯ ರೈಲು. ಅಲ್ಲಿಂದ ಹಡಗಿನಲ್ಲಿ ಸುಮಾರು ಐದು ಗಂಟೆ. ವಿಮಾನವೂ ಉಂಟು, ಆದರೆ ಅದು ಇಳಿಯುವುದು ಕಡಲ ಕಿನಾರೆಯ ಮರಳಿನ ಮೇಲೆ. ನೀರು ಇಳಿದಾಗ ವಿಮಾನ, ನೀರು ಏರಿದಾಗ ಅದೇ ಜಾಗ ಸಮುದ್ರ. ಆ ಕಿನಾರೆ ಮರುವಾಯಿಗೂ ಹೆಸರುವಾಸಿ. ನಮ್ಮ ಹೊಳೆ ಬಾಗಿಲುಗಳಲ್ಲಿ ಹೆಂಗಸರು ಬುಟ್ಟಿ ಹಿಡಿದು ಮರುವಾಯಿ ಹೆಕ್ಕುವ ಹಾಗೆಯೇ ಅಲ್ಲಿಯ ಜನರೂ ತಲೆಮಾರುಗಳಿಂದ ಹೆಕ್ಕಿದ್ದಾರೆ. ಇಡೀ ದ್ವೀಪಕ್ಕೆ ಒಂದು ಸುತ್ತು ಹಾಕುವ ರಸ್ತೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. 2011ರ ಜನಗಣತಿಯಲ್ಲಿ ಅಲ್ಲಿದ್ದ ಜನ 1,174. ನಮ್ಮಲ್ಲಿ ಒಂದು ದೊಡ್ಡ ಜಮಾಅತ್‌ನಲ್ಲೇ ಇದಕ್ಕಿಂತ ಹೆಚ್ಚು ಜನ ಇರುತ್ತಾರೆ.

ಜನ ಹೆಚ್ಚಿನವರು ಕ್ಯಾಥೊಲಿಕ್ ಕ್ರೈಸ್ತರು. ಮೀನು, ಕುರಿ, ಸಣ್ಣ ತುಂಡು ಭೂಮಿ, ಹಡಗಿನ ಕೆಲಸ, ಇವೇ ಬದುಕು. ಗಂಡಸರು ವ್ಯಾಪಾರಿ ಹಡಗುಗಳಲ್ಲಿ ದೇಶ ಸುತ್ತಿದವರು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಜಮೀನ್ದಾರ ಅಲ್ಲಿಯ ಒಕ್ಕಲುಗಳನ್ನು ಎಬ್ಬಿಸಿ, 1851ರಲ್ಲಿ ನೂರಾರು ಜನರನ್ನು ಹಡಗು ಹತ್ತಿಸಿ ಕೆನಡಾಕ್ಕೆ ಕಳುಹಿಸಿದ. ಹಾಗಾಗಿ ಹೊರಗೆ ಹೋದವರ, ವರ್ಷಕ್ಕೊಮ್ಮೆ ಬರುವವರ, ಬಾರದೇ ಉಳಿದವರ ಕತೆ ಅಲ್ಲಿ ಪ್ರತೀ ಮನೆಯಲ್ಲಿ ಉಂಟು. ಗಲ್ಫ್‌ಗೆ ಮಕ್ಕಳನ್ನು ಕಳುಹಿಸಿದ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರ ಬಾಸೆ ಗೇಲಿಕ್. ಇಂಗ್ಲಿಷಿಗೂ ಅದಕ್ಕೂ ಹೋಲಿಕೆ ಇಲ್ಲ. 1901ರಲ್ಲಿ ಇಡೀ ಸ್ಕಾಟ್‌ಲೆಂಡಿನಲ್ಲಿ ಗೇಲಿಕ್ ಮಾತನಾಡುವವರು 2 ಲಕ್ಷ 30 ಸಾವಿರ ಇದ್ದರು. 2011ಕ್ಕೆ ಅದು 57 ಸಾವಿರದಷ್ಟಕ್ಕೆ ಇಳಿಯಿತು. 1872ರಲ್ಲಿ ಬಂದ ಶಿಕ್ಷಣ ಕಾಯ್ದೆಯಲ್ಲಿ ಈ ಬಾಸೆಗೆ ಜಾಗವೇ ಇರಲಿಲ್ಲ. ಶಾಲೆಯಲ್ಲಿ ಗೇಲಿಕ್ ಮಾತನಾಡಿದ ಮಕ್ಕಳಿಗೆ ಏಟು ಬಿದ್ದ ಕಾಲವೂ ಇತ್ತು. ಏಟು ತಿಂದ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳಿಗೆ ‘ನಿಮಗೆ ಈ ಕಷ್ಟ ಬೇಡ, ಇಂಗ್ಲಿಷ್ ಕಲಿಯಿರಿ’ ಎಂದರು. ಶಾಲೆ ಹೊಡೆದು ಬಿಡಿಸಿದ್ದಕ್ಕಿಂತ ಹೆಚ್ಚು ಬಾಸೆ ಹೋದದ್ದು ಈ ಪ್ರೀತಿಯಿಂದ ಎಂದು ನಮಗೆ ಅನ್ನಿಸುತ್ತದೆ.

ಇನ್ನು ಹಬ್ಬದ ವಿಷಯ. 1981ರಲ್ಲಿ ಬಾರಾದ ಕೆಲವು ತಂದೆ ತಾಯಂದಿರು, ಊರಿನ ಇನ್ನು ಕೆಲವರು ಸೇರಿ ಒಂದು ಮಾತು ಆಡಿಕೊಂಡರು. ನಮ್ಮ ಹಾಡು, ನಮ್ಮ ವಾದ್ಯ, ನಮ್ಮ ಕತೆ ಮಕ್ಕಳಿಗೆ ಶಾಲೆಯಲ್ಲಿ ಸಿಗುವುದಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ರಜೆಯಲ್ಲಿ ಮಕ್ಕಳನ್ನು ಒಂದು ಕಡೆ ಕೂರಿಸಿ ಹಿರಿಯರಿಂದ ಕಲಿಸೋಣ. ಹೀಗೆ ಶುರುವಾದದ್ದು ‘ಫೇಶ್ ವಾರಾಯ್’. ಗೇಲಿಕ್‌ನಲ್ಲಿ ಫೇಶ್ ಅಂದರೆ ಹಬ್ಬ. ವಾರಾಯ್ ಅಂದರೆ ಬಾರಾದ. ಹೆಸರು ಹಬ್ಬ ಎಂದಾದರೂ ನಡೆಯುವುದು ಪಾಠ. ಬೆಳಗ್ಗೆಯಿಂದ ಮಕ್ಕಳಿಗೆ ಪಿಟೀಲು, ಅಕಾರ್ಡಿಯನ್, ಹಾಡು, ಕುಣಿತ, ಬ್ಯಾಗ್‌ಪೈಪ್ ಎಂಬ ಅವರ ಊದುವ ವಾದ್ಯ. ಸಂಜೆ ಊರೆಲ್ಲ ಸೇರುವ ಕೂಟ.

ನಾವು ಮೊದಲ ದಿನ ಹೋದಾಗ ವೇದಿಕೆ ಎಲ್ಲಿ ಎಂದು ಹುಡುಕಿದೆವು. ಇರಲಿಲ್ಲ. ಉದ್ಘಾಟನೆ ಎಷ್ಟು ಗಂಟೆಗೆ ಎಂದು ಕೇಳಿದೆವು. ಅದೂ ಇರಲಿಲ್ಲ. ಒಂದು ಕೋಣೆಯಲ್ಲಿ ಏಳೆಂಟು ಮಕ್ಕಳು ಚಿಕ್ಕ ಕೊಳಲಿನಂಥ ಒಂದನ್ನು ಹಿಡಿದು ಊದುತ್ತಿದ್ದರು. ದೊಡ್ಡ ವಾದ್ಯಕ್ಕೆ ಹೋಗುವ ಮೊದಲು ಇದರಲ್ಲಿ ಬೆರಳು ಪಳಗಬೇಕಂತೆ. ಇನ್ನೊಂದು ಕೋಣೆಯಲ್ಲಿ ವಯಸ್ಸಾದ ಒಬ್ಬ ಹೆಂಗಸು ಒಂದು ಸಾಲು ಹಾಡುವುದು, ಮಕ್ಕಳು ತಿರುಗಿ ಹಾಡುವುದು. ಕೈಯಲ್ಲಿ ಪುಸ್ತಕ ಇಲ್ಲ. ತಪ್ಪಾದರೆ ನಗುತ್ತಾ ಮತ್ತೆ ಅದೇ ಸಾಲು. ಮದ್ರಸದಲ್ಲಿ ಉಸ್ತಾದರು ಓದಿ ಕೊಟ್ಟು ನಾವು ಒಟ್ಟಾಗಿ ತಿರುಗಿ ಹೇಳಿದ ಕ್ರಮ ಇದಕ್ಕಿಂತ ಬೇರೆಯಲ್ಲ. ಕಿವಿಯಿಂದ ಬಾಯಿಗೆ ಹೋದದ್ದು ಅಷ್ಟು ಬೇಗ ಮರೆತುಹೋಗುವುದಿಲ್ಲ ಎಂಬುದು ನಮಗೆ ಗೊತ್ತಿದ್ದ ವಿಷಯವೇ.

ದೊಡ್ಡವರಿಗೆ ಅಲ್ಲಿ ಕೂರುವ ಕೆಲಸ ಇಲ್ಲ. ಒಬ್ಬರು ಚಹಾ ಮಾಡುವವರು, ಒಬ್ಬರು ಮಕ್ಕಳನ್ನು ಮನೆಯಿಂದ ಕರೆತರುವವರು, ಒಬ್ಬರು ಕುರ್ಚಿ ಜೋಡಿಸುವವರು. ಪರವೂರಿನಿಂದ ಹೋದ ನಮಗೂ ಬಟ್ಟಲು ತೊಳೆಯುವ ಕೆಲಸ ಸಿಕ್ಕಿತು. ಅದರಿಂದ ಬೇಸರ ಆಗಲಿಲ್ಲ. ಕೆಲಸ ಸಿಕ್ಕಿದ ಮೇಲೆಯೇ ಜನ ನಮ್ಮ ಹತ್ತಿರ ಬಂದು ಮಾತನಾಡಿದ್ದು. ಮಗನ ಸ್ನೇಹಿತರ ತಾಯಿ ನಮ್ಮ ಬಾಸೆಯ ಬಗ್ಗೆ ಕೇಳಿದರು. ಬ್ಯಾರಿಗೆ ಮಲಯಾಳಂ ಹತ್ತಿರ, ತುಳುವಿನ ಗಾಳಿ ತಾಗಿದೆ, ಅರಬಿ ಪಾರಸಿ ಪದಗಳು ಸೇರಿವೆ, ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲಿ ಎಂದೆವು. ಅವರು ಮರುಪ್ರಶ್ನೆ ಹಾಕಿದರು: ‘ಮೊಮ್ಮಕ್ಕಳು ಮಾತನಾಡುತ್ತಾರಾ?’

ಆ ಪ್ರಶ್ನೆಯನ್ನು ನಾವು ಇಲ್ಲಿಗೆ ತಂದಿದ್ದೇವೆ.

ಸಂಜೆಯ ಕೂಟಕ್ಕೆ ಅವರು ‘ಕೇಲಿ’ ಎನ್ನುತ್ತಾರೆ. ಈಗ ಅದು ಹಾಡು ಕುಣಿತದ ಕಾರ್ಯಕ್ರಮ. ಆದರೆ ಪದದ ಮೂಲ ಅರ್ಥ ಒಬ್ಬರ ಮನೆಗೆ ಇನ್ನೊಬ್ಬರು ಭೇಟಿಗೆ ಹೋಗುವುದು. ಚಳಿಗಾಲದ ರಾತ್ರಿ ನೆರೆಮನೆಗೆ ಹೋಗಿ ಬೆಂಕಿಯ ಹತ್ತಿರ ಕೂತು ಕತೆ ಹೇಳುವುದು, ಹಾಡುವುದು, ಊರ ಸುದ್ದಿ ಮಾತಾಡುವುದು. ಮನೆಗೆ ಟಿವಿ ಬಂದ ಮೇಲೆ ಅದು ಕಡಿಮೆಯಾಯಿತು. ನಮ್ಮಲ್ಲೂ ಮಗ್ರಿಬ್ ಕಳೆದ ಮೇಲೆ ಹೆಂಗಸರು ನೆರೆಮನೆಯ ಚಿಟ್ಟೆಯಲ್ಲಿ ಕೂತು ಮಾತಾಡುವ ಕ್ರಮ ಇತ್ತಲ್ಲವಾ? ಮದುವೆಗೆ ವಾರ ಇರುವಾಗಲೇ ಮನೆಯಲ್ಲಿ ಪಾಟ್ ಶುರುವಾಗುತ್ತಿತ್ತಲ್ಲವಾ? ಆ ಚಿಟ್ಟೆಗಳಲ್ಲಿ ಎಷ್ಟೋ ಈಗ ಗ್ರಿಲ್ಲಿನ ಒಳಗೆ ಸೇರಿವೆ. ಮದುವೆ ಹಾಲ್‌ಗೆ ಹೋಗಿದೆ.

ಅಲ್ಲಿಯ ಜುಲೈಯಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಗಂಟೆ ಹತ್ತು ದಾಟಿರುತ್ತದೆ. ಮಕ್ಕಳು ಬೆಳಗ್ಗೆ ಕಲಿತ ಹಾಡನ್ನು ಆ ಬೆಳಕಿನಲ್ಲಿ ರಸ್ತೆಯಲ್ಲಿ ಹಾಡುತ್ತಾ ಮನೆಗೆ ಹೋಗುವುದನ್ನು ನೋಡಿದೆವು. ಆದರೆ ಹಾಡು ಮುಗಿದ ಕೂಡಲೇ ಅವರು ತಮ್ಮೊಳಗೆ ಮಾತನಾಡಿದ್ದು ಇಂಗ್ಲಿಷಿನಲ್ಲಿ. ಅದನ್ನೂ ಹೇಳಬೇಕು. ಅಲ್ಲಿ ಎಲ್ಲ ಸರಿಯಾಗಿದೆ, ನಾವು ಮಾತ್ರ ಹಿಂದೆ ಬಿದ್ದಿದ್ದೇವೆ ಎಂದು ಬರೆದರೆ ಸುಳ್ಳಾಗುತ್ತದೆ.

ಹೈಲ್ಯಾಂಡ್ಸ್ ಆ್ಯಂಡ್ ಐಲ್ಯಾಂಡ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು 2020ರಲ್ಲಿ ಹೊರತಂದ ಅಧ್ಯಯನ ಅಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು. ದ್ವೀಪಗಳಲ್ಲಿ ದಿನನಿತ್ಯದ ಬದುಕಿನಲ್ಲಿ ಗೇಲಿಕ್ ಬಳಸುವವರು ಸುಮಾರು 11 ಸಾವಿರ ಮಾತ್ರ, ಅವರಲ್ಲಿ ಹೆಚ್ಚಿನವರು 50 ದಾಟಿದವರು, ಹೀಗೇ ಹೋದರೆ ಹತ್ತು ವರ್ಷದೊಳಗೆ ಊರ ಬಾಸೆಯಾಗಿ ಅದು ಉಳಿಯುವುದಿಲ್ಲ ಎಂದಿತು ಆ ವರದಿ. 2022ರ ಜನಗಣತಿ ಬಂದಾಗ ಸ್ಕಾಟ್‌ಲೆಂಡಿನ ಒಟ್ಟು ಲೆಕ್ಕದಲ್ಲಿ ಗೇಲಿಕ್ ಬಲ್ಲವರು ಹೆಚ್ಚಿದ್ದರು. ಆದರೆ ಬಾಸೆಯ ತವರಾದ ಹೊರ ಹೆಬ್ರಿಡೀಸ್‌ನಲ್ಲಿಯೇ ಅದನ್ನು ಮಾತನಾಡುವವರು ಅರ್ಧಕ್ಕಿಂತ ಕೆಳಗೆ ಇಳಿದಿದ್ದರು. ಪೇಟೆಯಲ್ಲಿ ಕಲಿಯುವವರು ಹೆಚ್ಚುತ್ತಿದ್ದಾರೆ, ಊರಲ್ಲಿ ಆಡುವವರು ಕಡಿಮೆಯಾಗುತ್ತಿದ್ದಾರೆ.

ಹಾಗಾದರೆ ನಲವತ್ತು ವರ್ಷದ ಈ ಹಬ್ಬದಿಂದ ಏನು ಬಂತು ಎಂದು ಕೇಳಬಹುದು. ನಾವೂ ಕೇಳಿದೆವು. ಬಂದದ್ದು ಸಣ್ಣದಲ್ಲ. ಬಾರಾದಲ್ಲಿ ಶುರುವಾದದ್ದನ್ನು ನೋಡಿ ಬೇರೆ ದ್ವೀಪಗಳು, ಬೇರೆ ಊರುಗಳು ಅದೇ ಕ್ರಮ ಹಿಡಿದವು. 1988ರಲ್ಲಿ ಅವೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಈಗ ಸ್ಕಾಟ್‌ಲೆಂಡಿನಲ್ಲಿ ನಲವತ್ತಕ್ಕೂ ಹೆಚ್ಚು ಇಂಥ ಹಬ್ಬಗಳು ನಡೆಯುತ್ತವೆ. ಅಲ್ಲಿಯ ಸಾಂಪ್ರದಾಯಿಕ ಸಂಗೀತಕ್ಕೆ ಹೊಸ ತಲೆಮಾರು ಬಂದದ್ದರಲ್ಲಿ ಈ ರಜೆಯ ತರಗತಿಗಳ ಪಾಲು ದೊಡ್ಡದು. ಸಂಗೀತ ಉಳಿದಿದೆ, ಹಾಡು ಉಳಿದಿದೆ. ಗೇಲಿಕ್ ಎಂದರೆ ನಾಚಿಕೆ ಪಡುವ ಕಾಲ ಹೋಗಿದೆ. ಮನೆಯ ಮಾತು ಮಾತ್ರ ಹಬ್ಬದ ಕೈಗೆ ಪೂರಾ ಸಿಕ್ಕಿಲ್ಲ. ಯಾಕೆಂದರೆ ಅದು ವರ್ಷದ ಉಳಿದ ಐವತ್ತು ವಾರ ಅಡುಗೆ ಕೋಣೆಯಲ್ಲಿ ನಡೆಯಬೇಕಾದ ಕೆಲಸ.

ಇಲ್ಲಿ ನಮಗೆ ಕಾಣುವ ಮುಖ್ಯ ವಿಷಯ ಕೆಲಸ ನಡೆದ ಕ್ರಮ. ಬಾರಾದ ತಂದೆ ತಾಯಂದಿರು ಹಬ್ಬ ಮಾಡಿದ್ದು 1981ರಲ್ಲಿ. ಗೇಲಿಕ್ ಮಾಧ್ಯಮದ ಪ್ರಾಥಮಿಕ ತರಗತಿಗಳು ಗ್ಲಾಸ್ಗೋ ಮತ್ತು ಇನ್ವರ್‌ನೆಸ್‌ನಲ್ಲಿ ಶುರುವಾದದ್ದು 1985ರಲ್ಲಿ. ಬಾಸೆಗಾಗಿ ಕಾನೂನು ಬಂದದ್ದು 2005ರಲ್ಲಿ. ಸರಕಾರ ಬರುವ ತನಕ ಅವರು ಕಾದು ಕೂರಲಿಲ್ಲ.

ನಮ್ಮ ಜನರೂ ಕೈಕಟ್ಟಿ ಕೂತವರಲ್ಲ. ಬ್ಯಾರಿ ಎಂದರೆ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಹಿರಿಯರು ಸಮ್ಮೇಳನ ನಡೆಸಿದರು, ಪತ್ರಿಕೆ ತಂದರು, ಪುಸ್ತಕ ಬರೆದರು, ಸರಕಾರದ ಬಾಗಿಲು ತಟ್ಟಿದರು. ಅದರ ಫಲವಾಗಿ 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. ಅಕ್ಟೋಬರ್ 3 ಬ್ಯಾರಿ ಭಾಷಾ ದಿನವಾಯಿತು. ‘ಬ್ಯಾರಿ’ ಸಿನೆಮಾ 2011ನೇ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರದ ಸ್ವರ್ಣ ಕಮಲ ಹಂಚಿಕೊಂಡಿತು. ಇವೆಲ್ಲ ಹೆಮ್ಮೆಯ ವಿಷಯಗಳೇ. ಆದರೆ ಅಕಾಡೆಮಿ ಬಂದು ಮನೆಯ ಮಗುವಿನ ಹತ್ತಿರ ಬ್ಯಾರಿ ಮಾತನಾಡುವುದಿಲ್ಲ. ಅದು ಅದರ ಕೆಲಸವೂ ಅಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದ ದಿನದಿಂದ ‘ಕಮ್ ಹಿಯರ್, ಡ್ರಿಂಕ್ ವಾಟರ್’ ಶುರು ಮಾಡುವ ಮನೆಗಳು ಎಷ್ಟಿಲ್ಲ? ಅಂಥ ಮನೆಯಲ್ಲಿ ಬಲಿಯುಮ್ಮ ಹೇಳಿದ್ದು ಮೊಮ್ಮಗುವಿಗೆ ಅರ್ಥವಾಗುವುದಿಲ್ಲ, ಮೊಮ್ಮಗು ಹೇಳಿದ್ದು ಬಲಿಯುಮ್ಮನಿಗೆ ಅರ್ಥವಾಗುವುದಿಲ್ಲ. ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಟಿವಿ ನೋಡುತ್ತಾರೆ.

‘ಬಾಸೆಯಿಂದ ಹೊಟ್ಟೆ ತುಂಬುತ್ತದಾ? ಇಂಗ್ಲಿಷ್ ಬಂದರೆ ಕೆಲಸ’ ಎಂದು ಹೇಳುವವರಿದ್ದಾರೆ. ಇಂಗ್ಲಿಷ್ ಬೇಡ ಎಂದು ನಾವು ಹೇಳುತ್ತಿಲ್ಲ. ಬಾರಾದ ಮಕ್ಕಳೆಲ್ಲರಿಗೂ ಇಂಗ್ಲಿಷ್ ಬರುತ್ತದೆ. ಮಂಗಳೂರಿನ ಬಂದರಿನಲ್ಲಿ ವ್ಯಾಪಾರ ಮಾಡಿದ ನಮ್ಮ ಹಿರಿಯರು ಮನೆಯಲ್ಲಿ ಬ್ಯಾರಿ, ಗಿರಾಕಿಯ ಹತ್ತಿರ ತುಳು, ಕಚೇರಿಯಲ್ಲಿ ಕನ್ನಡ, ಬೇಕಾದರೆ ಕೊಂಕಣಿ, ಮಲಯಾಳಂ, ಉರ್ದು ಎಂದು ಬದಲಿಸಿ ಬದಲಿಸಿ ಮಾತನಾಡಿದವರು. ಒಂದು ಬಾಸೆ ಕಲಿಯಲು ಇನ್ನೊಂದನ್ನು ಬಿಡಬೇಕು ಎಂಬ ಲೆಕ್ಕ ಅವರಿಗೆ ಗೊತ್ತಿರಲಿಲ್ಲ. ಮಕ್ಕಳ ತಲೆಗೆ ಭಾರ ಆಗುತ್ತದೆ ಎಂಬ ಹೆದರಿಕೆಗೆ ನಮ್ಮ ಕರಾವಳಿಯಲ್ಲಿ ಬೆಳೆದವರ ಹತ್ತಿರವೇ ಉತ್ತರ ಉಂಟು.

ಇನ್ನು ಕೆಲವರು ‘ಅವರ ಹಾಡು, ಕುಣಿತ ನಮಗೆ ಆಗುತ್ತದಾ?’ ಎಂದು ಕೇಳಬಹುದು. ಅವರದ್ದನ್ನು ತರಬೇಕೆಂದು ಯಾರು ಹೇಳಿದರು ಮಾರಾಯ್ರೆ? ಅವರು ಅವರದ್ದನ್ನು ಕಲಿಸಿದರು, ನಾವು ನಮ್ಮದನ್ನು ಕಲಿಸೋಣ. ದಫ್ ಉಂಟು, ಕೋಲ್ಕಲಿ ಉಂಟು. ಮದುವೆಯ ಪಾಟ್ ಉಂಟು. ಇವೂ ಬೇಡ ಎನ್ನುವವರಿಗೆ ಗಾದೆ ಉಂಟು, ಒಗಟು ಉಂಟು, ಅಜ್ಜಿ ಕತೆ ಉಂಟು. ಪತ್ತಿರ್ ತಟ್ಟುವುದು, ಮೀನಿನ ಹೆಸರು ಹೇಳುವುದು, ಮಳೆಗಾಲಕ್ಕೆ ಏನೇನು ಕೂಡಿಡುತ್ತಿದ್ದರು ಎನ್ನುವುದು ಉಂಟು. ಕಡಲಿಗೆ ಹೋಗುವವರ ಬಾಯಲ್ಲಿ ಗಾಳಿಗೆ, ನೀರಿಗೆ, ಬಲೆಗೆ ಇರುವ ಪದಗಳು ಯಾವ ನಿಘಂಟಿನಲ್ಲಿ ಪೂರ್ತಿ ಬಂದಿವೆ?

ಹಾಗಾಗಿ ಒಂದು ಸಲಹೆ ಇಡುತ್ತೇವೆ. ದೊಡ್ಡ ಯೋಜನೆ ಅಲ್ಲ. ಬರುವ ಏಪ್ರಿಲ್ ಮೇ ರಜೆಯಲ್ಲಿ ಒಂದೊಂದು ಊರಿನಲ್ಲಿ ಹತ್ತು ದಿನ. ಬೆಳಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ. ಜಾಗಕ್ಕೆ ಮದ್ರಸದ ಕಟ್ಟಡವೋ ಜಮಾಅತ್‌ನ ಹಾಲೋ ಸಾಕು, ಅದೂ ಇಲ್ಲದಿದ್ರೆ ಯಾರದ್ದಾದರೂ ಮನೆಯ ಅಂಗಳ. ಇಪ್ಪತ್ತು ಮೂವತ್ತು ಮಕ್ಕಳು, ಹುಡುಗರೂ ಹುಡುಗಿಯರೂ. ಕಲಿಸುವವರು ಊರಿನ ಐದಾರು ಹಿರಿಯರು. ಒಂದೇ ನಿಯಮ: ಆ ಮೂರು ಗಂಟೆ ಬ್ಯಾರಿ ಬಿಟ್ಟು ಬೇರೆ ಮಾತಿಲ್ಲ. ತಪ್ಪಿದವರಿಗೆ ಶಿಕ್ಷೆಯೂ ಇಲ್ಲ. ಬಾರಾದ ಜನ ಆ ಶಿಕ್ಷೆಯ ಕತೆಯನ್ನು ಇನ್ನೂ ಮರೆತಿಲ್ಲ. ತಪ್ಪಿದ ಮಗುವಿಗೆ ಸರಿಯಾದ ಪದ ಹೇಳಿಕೊಟ್ಟರೆ ಮುಗಿಯಿತು.

ಕಲಿಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿರಬೇಕು. ಇದನ್ನು ಒತ್ತಿ ಹೇಳುತ್ತೇವೆ. ಕತೆ, ಗಾದೆ, ಪಾಟ್, ಮನೆಮದ್ದು, ಅಡುಗೆ, ಸಂಬಂಧಗಳ ಹೆಸರು, ಇವೆಲ್ಲ ನಮ್ಮಲ್ಲಿ ಹೆಚ್ಚಾಗಿ ಉಳಿದಿರುವುದು ಉಮ್ಮಂದಿರ, ಬಲಿಯುಮ್ಮಂದಿರ ಹತ್ತಿರ. ನಮ್ಮ ವೇದಿಕೆಗಳಲ್ಲಿ ಅವರಿಗೆ ಕುರ್ಚಿ ಸಿಗುವುದು ಅಪರೂಪ. ವೇದಿಕೆಯೇ ಇಲ್ಲದ ಕಾರ್ಯಕ್ರಮದಲ್ಲಾದರೂ ಅವರು ಮಕ್ಕಳ ಎದುರು ಗುರುಗಳಾಗಿ ಕೂರಲಿ. ‘ನನಗೆ ಏನೂ ಬರುವುದಿಲ್ಲ’ ಎಂದು ಜೀವಮಾನ ಇಡೀ ಹೇಳಿಕೊಂಡು ಬಂದವರನ್ನು ಒಮ್ಮೆ ಕೂರಿಸಿ ನೋಡಿ. ಹತ್ತು ದಿನ ಸಾಕಾಗುವುದಿಲ್ಲ.

ಗಲ್ಫ್‌ನಲ್ಲಿರುವ ಮನೆಗಳ ಮಕ್ಕಳಿಗೆ ರಜೆ ಜುಲೈ ಆಗಸ್ಟ್‌ನಲ್ಲಿ. ಆಗ ಇಲ್ಲಿ ಬಿಡದ ಮಳೆ. ಮಕ್ಕಳು ಊರಿಗೆ ಬಂದು ವೈಫೈ ಹುಡುಕುತ್ತಾ ಮನೆಯೊಳಗೆ ಉಳಿಯುತ್ತಾರೆ. ಅವರಿಗಾಗಿ ಇನ್ನೊಂದು ವಾರ ಇಟ್ಟರೆ ಮಳೆಯೂ ಅಡ್ಡಿಯಲ್ಲ. ಕತೆ ಹೇಳಲು ಮಳೆಗಿಂತ ಒಳ್ಳೆಯ ಹೊತ್ತು ಯಾವುದು? ಮಗನ ಸ್ನೇಹಿತರು ಗ್ಲಾಸ್ಗೋದಿಂದ ಬಾರಾಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಇದಕ್ಕೇ. ಊರಿನ ಮಕ್ಕಳೂ ಹೊರಗಿನ ಮಕ್ಕಳೂ ಒಟ್ಟಿಗೆ ಕೂತು ಕಲಿತರೆ ಮುಂದಿನ ರಜೆಗೆ ಬರಲು ಮಕ್ಕಳೇ ಹಠ ಹಿಡಿಯುತ್ತಾರೆ.

ಖರ್ಚಿನ ಮಾತು. ಚಹಾ, ಅವಲಕ್ಕಿ, ಒಂದೆರಡು ದಫ್, ಕಾಗದ ಪೆನ್ಸಿಲ್. ತಂದೆ ತಾಯಂದಿರು ತಮ್ಮಿಂದ ಆದಷ್ಟು ಹಾಕಲಿ, ಆಗದವರ ಪಾಲನ್ನು ಆಗುವವರು ಹಾಕಲಿ. ಪ್ರಾಯೋಜಕರ ಬ್ಯಾನರ್ ಬೇಡ. ಬ್ಯಾನರ್ ಬಂದರೆ ಹೆಸರಿನ ಕ್ರಮಸಂಖ್ಯೆಯ ಜಗಳ ಬರುತ್ತದೆ, ಜಗಳ ಬಂದರೆ ಮಕ್ಕಳು ಮತ್ತೆ ಹೊರಗೆ. ಕೊನೆಯ ದಿನ ಮಕ್ಕಳು ಕಲಿತದ್ದನ್ನು ತೋರಿಸಲಿ, ಊರಿನವರು ಚಾಪೆಯಲ್ಲಿ ಕೂತು ನೋಡಲಿ. ಮುಖ್ಯ ಅತಿಥಿಗಳನ್ನು ಕರೆಯಲೇಬೇಕು ಎಂದಾದರೆ ಊರಿನಲ್ಲಿ ಎಲ್ಲರಿಗಿಂತ ಹಿರಿಯ ಬಲಿಯುಮ್ಮನನ್ನು ಕರೆಯಿರಿ.

ಹತ್ತು ದಿನದಲ್ಲಿ ಬಾಸೆ ಉಳಿದುಬಿಡುತ್ತದೆ ಎಂದು ನಾವು ನಂಬಿಲ್ಲ. ಬಾರಾದ ಲೆಕ್ಕ ಕಣ್ಣ ಮುಂದೆ ಉಂಟು. ಆದರೆ ಹನ್ನೊಂದನೇ ದಿನ ಮನೆಯಲ್ಲಿ ಮಗು ಬಂದು ‘ಬಲಿಯುಮ್ಮ, ನಿನ್ನೆಯ ಆ ಗಾದೆಗೆ ಅರ್ಥ ಏನು?’ ಎಂದು ಬ್ಯಾರಿಯಲ್ಲಿ ಕೇಳಿದರೆ, ಉತ್ತರ ಬ್ಯಾರಿಯಲ್ಲೇ ಕೊಡುವುದಕ್ಕೆ ಮನೆಯವರು ತಯಾರಿರಬೇಕು. ಉಮ್ಮ ಉಪ್ಪ ಇಬ್ಬರೂ. ಅಲ್ಲಿ ಕೈಬಿಟ್ಟರೆ ಹಬ್ಬ ಮಾಡಿ ಪ್ರಯೋಜನ ಇಲ್ಲ.

ಬಾರಾದವರು 1,200ರಷ್ಟು ಜನ, ನಡುಗಡಲಿನಲ್ಲಿ ಇದ್ದುಕೊಂಡು ಇಷ್ಟು ಮಾಡಿದರು. ನಮ್ಮ ಸಂಖ್ಯೆ ಲಕ್ಷಗಳಲ್ಲಿ. ಯಾವುದಾದರೂ ಒಂದು ಜಮಾಅತ್, ಒಂದು ಮಹಿಳಾ ಸಂಘ, ಇಲ್ಲವೇ ಒಂದೇ ಓಣಿಯ ನಾಲ್ಕು ಮನೆಯವರು ಈ ಏಪ್ರಿಲ್‌ನಲ್ಲಿ ಶುರು ಮಾಡಲಿ. ಬಟ್ಟಲು ತೊಳೆಯಲು ನಾವು ಬರುತ್ತೇವೆ.